ಹರಿಶ್ಚಂದ್ರನ ನಿರ್ಧಾರ : ಸುಪ್ತೋದ್ದೇಶದ ಒಂದು ವಿವೇಚನೆ

೧

ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ಕುರಿತು ಕನ್ನಡದಲ್ಲಿ ಬಂದಿರುವ ವಿಮರ್ಶೆ ಅಲ್ಪವಲ್ಲ. ಹದಿಮೂರನೆಯ ಶತಮಾನದ ಆದಿಭಾಗದ ಈ ಕವಿ ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆಗಿದ್ದನೆಂಬುದು, ಷಟ್ಪದಿಗೆ ಮಹಾಕಾವ್ಯವನ್ನು ಹೊರಬಲ್ಲ ಶಕ್ತಿಯನ್ನು ದೊರಕಿಸಿಕೊಟ್ಟನೆಂಬುದು, ಸಂವಾದಗಳಲ್ಲಿ ನಾಟಕದ ಬಿಗುವನ್ನು ಸಾಧಿಸಿದನೆಂಬುದು ಸರ್ವವಿದಿತ. ಕಾವ್ಯದ ತಾತ್ಪರ್ಯವನ್ನು ಕುರಿತೂ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಸತ್ಯವೂ ಶಿವನೂ ಬೇರೆಯಲ್ಲ; ಆ ಸತ್ಯಕ್ಕಾಗಿ ಅರಸನೊಬ್ಬನು ರಾಜ್ಯವನ್ನು ತೊರೆದನು, ಸತಿಸುತರನ್ನು ಮಾರಿದನು, ಕೊನೆಗೆ ತನ್ನನ್ನೇ ಮಾರಿಕೊಂಡನು; ಶಿವನು ಮೆಚ್ಚಿ ಪ್ರತ್ಯಕ್ಷನಾದನು. ಶಾಲೆಯ ಪಾಠದಿಂದ ಹಿಡಿದು ಮಠದ ಪುರಾಣಶ್ರವಣದವರೆಗೆ ನಾವು ಕೇಳುತ್ತ ಬಂದಿರುವುದು ಇದನ್ನೇ.

ಈ ತಾತ್ಪರ್ಯವನ್ನು ಅಲ್ಲಗಳೆಯುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ಕಥೆಯ ಸಂಧಿಸ್ಥಾನವೊಂದನ್ನು ನಾವು ಅವಸರದಿಂದ ದಾಟಿಬಿಡುತ್ತೇವೆಂದು ನನಗೆ ತೋರುತ್ತದೆ. ಹರಿಶ್ಚಂದ್ರನು ರಾಜ್ಯವನ್ನು ಕಳೆದುಕೊಂಡದ್ದು ನಿಜವಾಗಿ ಸತ್ಯಕ್ಕಾಗಿಯೇ? ಕಾವ್ಯವನ್ನು ಸಾವಧಾನದಿಂದ ಓದಿದವರಿಗೆ ಉತ್ತರ ಅಷ್ಟು ಸುಲಭವಾಗಿ ದೊರೆಯದು. ವಿಶ್ವಾಮಿತ್ರನು ನಿರ್ಮಿಸಿ ಕಳುಹಿದ ಇಬ್ಬರು ಗಾನರಾಣಿಯರನ್ನು ಮದುವೆಯಾಗುವುದಿಲ್ಲವೆಂದು ಅರಸನು ಪಟ್ಟುಹಿಡಿದನು. ಮದುವೆಯಾದರೆ ರಾಜ್ಯ ಉಳಿಯುತ್ತಿತ್ತು. ಮದುವೆಗಿಂತ ರಾಜ್ಯತ್ಯಾಗವೇ ಲೇಸೆಂದು ಅವನು ನುಡಿದನು. ಮುನಿ ಆ ನುಡಿಯನ್ನೇ ಹಿಡಿದು ರಾಜ್ಯವನ್ನು ಧಾರೆಯೆರೆಸಿಕೊಂಡನು. ಕೊಟ್ಟ ಮಾತಿಗೆ ತಪ್ಪಬಾರದೆಂಬ ಸತ್ಯದ ಬಂಧನ ಅವನನ್ನು ಬಿಗಿದದ್ದು ಅಲ್ಲಿಂದ ಮುಂದೆ. ಅದಕ್ಕೆ ಹಿಂದಿನ ಹೆಜ್ಜೆಯನ್ನು ಇಡಿಸಿದ್ದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಮನುಷ್ಯನು ನಿರ್ಧಾರವನ್ನು ಹೇಗೆ ಕೈಗೊಳ್ಳುತ್ತಾನೆಂಬ ವಿಷಯವನ್ನು ಮೊದಲು ವಿಚಾರಿಸಬೇಕಾಗುತ್ತದೆ.

೨

ಸಾಮಾನ್ಯವಾಗಿ ನಾವು ತಿಳಿದಿರುವ ಕ್ರಮ ಇದು: ಮೊದಲು ಉದ್ದೇಶ, ಅನಂತರ ವಿಚಾರ, ವಿಚಾರದ ಫಲವಾಗಿ ನಿರ್ಧಾರ, ನಿರ್ಧಾರದಿಂದ ಕ್ರಿಯೆ. ಕಾರಣ ಮುಂದೆ, ಕಾರ್ಯ ಹಿಂದೆ. ಈ ಕ್ರಮ ಅನೇಕ ಸಂದರ್ಭಗಳಲ್ಲಿ ತಲೆಕೆಳಗಾಗಿರುತ್ತದೆಂಬುದನ್ನು ಆಧುನಿಕ ಮನಶ್ಶಾಸ್ತ್ರ ಪ್ರಯೋಗಗಳ ಮೂಲಕ ತೋರಿಸಿಕೊಟ್ಟಿದೆ. ಸಿಗ್ಮಂಡ್ ಫ್ರಾಯ್ಡನು ೧೯೦೦ರ ಸುಮಾರಿಗೆ ವಿವರಿಸಿದ ಸುಪ್ತಚಿತ್ತ ಹತ್ತಿಕ್ಕಲ್ಪಟ್ಟ ಬಯಕೆಗಳ ನೆಲಮಾಳಿಗೆಯಂತಿತ್ತು. ಅದರ ಬಾಗಿಲು ತೆರೆಯಲು ಸ್ವಪ್ನವೋ ರೋಗವೋ ಬೇಕಾಗಿತ್ತು. ಈಚಿನ ಸಂಶೋಧಕರು ಹೇಳುವ ಸುಪ್ತಚಿತ್ತ ಅಷ್ಟು ದೂರದ್ದಲ್ಲ. ಅಂಗಡಿಯಲ್ಲಿ ಬಟ್ಟೆ ಆರಿಸುವಾಗ, ಕೆಲಸಕ್ಕೆ ಆಳನ್ನು ಗೊತ್ತುಮಾಡುವಾಗ, ಮನೆಗೆ ಸೊಸೆಯನ್ನು ತರುವಾಗ ಅದು ನಮ್ಮ ಪಕ್ಕದಲ್ಲಿಯೇ ಕುಳಿತಿರುತ್ತದೆ.

ಅಮೆರಿಕದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬವರು ೧೯೭೭ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ವಿವರಿಸಿದ ಪ್ರಯೋಗವೊಂದು ಬಹಳ ಸರಳವಾದದ್ದು. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇರಿಸಿ, ಅವುಗಳಲ್ಲಿ ಉತ್ತಮವಾದುದನ್ನು ಆರಿಸುವಂತೆ ಜನರನ್ನು ಕೇಳಿದರು. ನಾಲ್ಕೂ ಒಂದೇ ಬಗೆಯವು, ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಬಲತುದಿಯ ಜೊತೆಯನ್ನು ಆರಿಸಿದವರು ಎಡತುದಿಯದನ್ನು ಆರಿಸಿದವರಿಗಿಂತ ಹೆಚ್ಚುಕಡಿಮೆ ನಾಲ್ಕುಪಟ್ಟು ಇದ್ದರು. ಕಾರಣವನ್ನು ಕೇಳಿದಾಗ ನೇಯ್ಗೆ ಚೆನ್ನಾಗಿದೆ, ನುಣುಪಾಗಿದೆ ಎಂಬ ಉತ್ತರಗಳು ಬಂದವು. ಇರಿಸಿದ ಸ್ಥಾನವನ್ನು ಯಾರೂ ಹೆಸರಿಸಲಿಲ್ಲ. ಸ್ಥಾನದ ಪ್ರಭಾವವೇನಾದರೂ ಇದ್ದೀತೇ ಎಂದು ನೇರವಾಗಿ ಕೇಳಿದಾಗಲೂ ಹೆಚ್ಚುಕಡಿಮೆ ಎಲ್ಲರೂ ಅದನ್ನು ನಿರಾಕರಿಸಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಹೇಳಿದ ಕಾರಣವನ್ನು ಅವರು ನಂಬಿದ್ದರು. ಈ ನಂಬಿಕೆಯೇ ಇಲ್ಲಿ ಗಮನಿಸತಕ್ಕ ಅಂಶ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪೆಟ್ಟರ್ ಯೊಹಾನ್ಸನ್, ಲಾರ್ಸ್ ಹಾಲ್ ಮತ್ತು ಅವರ ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ವಿಸ್ಮಯಕರವಾದುದು. ಎರಡು ಮುಖಗಳ ಭಾವಚಿತ್ರಗಳನ್ನು ತೋರಿಸಿ ಹೆಚ್ಚು ಸುಂದರವಾದುದನ್ನು ಆರಿಸಲು ಹೇಳುತ್ತಿದ್ದರು. ಆಮೇಲೆ ಕೈಚಳಕದಿಂದ ಚಿತ್ರಗಳನ್ನು ಅದಲುಬದಲು ಮಾಡಿ, ಆರಿಸದೆ ಬಿಟ್ಟ ಚಿತ್ರವನ್ನೇ ಕೈಗಿತ್ತು, ‘ಇದನ್ನು ಏಕೆ ಆರಿಸಿದಿರಿ?’ ಎಂದು ಕೇಳುತ್ತಿದ್ದರು. ಬಹುಪಾಲು ಸಂದರ್ಭಗಳಲ್ಲಿ ಜನರು ಬದಲಾವಣೆಯನ್ನು ಗುರುತಿಸಲೇ ಇಲ್ಲ. ತಾವು ಆರಿಸದ ಮುಖವನ್ನು ಏಕೆ ಆರಿಸಿದೆವೆಂದು ಅವರು ಸಮರ್ಥಿಸಿಕೊಂಡರು. ಕಿವಿಯೋಲೆ ಚೆನ್ನಾಗಿತ್ತೆಂದು ಹೇಳಿದವರೂ ಉಂಟು. ಅವರು ಮೊದಲು ಆರಿಸಿದ ಚಿತ್ರದಲ್ಲಿ ಕಿವಿಯೋಲೆಯೇ ಇರಲಿಲ್ಲ!

ಇವುಗಳಿಂದ ಸಿದ್ಧವಾಗುವ ಸಂಗತಿ ಇಷ್ಟು: ಮನುಷ್ಯನು ತನ್ನ ನಿರ್ಧಾರಕ್ಕೆ ಕೊಡುವ ಕಾರಣವೂ ಆ ನಿರ್ಧಾರವನ್ನು ಹುಟ್ಟಿಸಿದ ಕಾರಣವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಿರ್ಧಾರ ಮೊದಲು ಆಗಿಬಿಟ್ಟಿರುತ್ತದೆ. ಮನಸ್ಸು ಹಿಂದಿನಿಂದ ಬಂದು ಅದಕ್ಕೆ ಕಾರಣಗಳ ಉಡುಗೆಯನ್ನು ತೊಡಿಸುತ್ತದೆ. ಉಡುಗೆ ಎಷ್ಟು ಅಂದವಾಗಿದ್ದರೆ ತೊಟ್ಟವನಿಗೂ ಅಷ್ಟೇ ನಿಜವೆನಿಸುತ್ತದೆ.

೩

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಾಶ್ಚಾತ್ಯರ ಹೊಸ ಮಾತೆಲ್ಲವೂ ಸಿದ್ಧಾಂತವೆಂದು ಸ್ವೀಕರಿಸುವುದೂ, ನಮ್ಮ ಹಿಂದಿನವರು ಇದನ್ನೆಲ್ಲ ಆಗಲೇ ಹೇಳಿದ್ದರೆಂದು ತೃಪ್ತರಾಗುವುದೂ ಎರಡೂ ವಿಮರ್ಶೆಗೆ ಒಪ್ಪುವ ಮಾರ್ಗಗಳಲ್ಲ. ಸುಪ್ತಚಿತ್ತವನ್ನು ಕುರಿತ ಹೇಳಿಕೆಗಳಲ್ಲಿ ಗಟ್ಟಿಯಾದವೂ ಉಂಟು, ಜೊಳ್ಳೂ ಉಂಟು. ತೂರಿ ನೋಡಬೇಕು.

ನೆದರ್ಲೆಂಡ್ಸ್‌ನ ಆಪ್ ಡೈಕ್ಸ್ಟರ್‌ಹೌಸ್ ಮತ್ತು ಸಂಗಡಿಗರು ೨೦೦೬ರಲ್ಲಿ ಒಂದು ಸೋಜಿಗದ ವಾದವನ್ನು ಮಂಡಿಸಿದರು. ನಾಲ್ಕು ಕಾರುಗಳ ಗುಣಾವಗುಣಗಳನ್ನು ತಿಳಿಸಿ ಒಂದನ್ನು ಆರಿಸಲು ಹೇಳಿದಾಗ, ಪ್ರತಿಯೊಂದಕ್ಕೂ ಹನ್ನೆರಡು ಗುಣಗಳನ್ನು ಕೊಟ್ಟ ಕ್ಲಿಷ್ಟ ಸಂದರ್ಭದಲ್ಲಿ, ಕುಳಿತು ಯೋಚಿಸಿದವರಿಗಿಂತ ಬೇರೆ ಒಗಟೊಂದರಲ್ಲಿ ಮನಸ್ಸನ್ನು ತೊಡಗಿಸಿದ್ದವರೇ ಉತ್ತಮ ಆಯ್ಕೆ ಮಾಡಿದರೆಂದು ಅವರ ಅಭಿಪ್ರಾಯ. ಅಂದರೆ, ಗಹನವಾದ ನಿರ್ಧಾರವನ್ನು ಸುಪ್ತಚಿತ್ತಕ್ಕೆ ಒಪ್ಪಿಸಿ ಸುಮ್ಮನಿರುವುದೇ ಮೇಲೆಂದಂತಾಯಿತು. ಮಾತು ಇಂಪಾಗಿತ್ತು, ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಆದರೆ ಅದೇ ದೇಶದ ಮಾರ್ಕ್ ನ್ಯೂವೆನ್‌ಸ್ಟೈನ್ ಮತ್ತು ಇತರರು ದೊಡ್ಡ ಪ್ರಮಾಣದಲ್ಲಿ ಪ್ರಯೋಗವನ್ನು ಪುನಃ ನಡೆಸಿ, ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ೨೦೧೫ರಲ್ಲಿ ಪರಿಶೀಲಿಸಿದಾಗ, ಈ ಲಾಭಕ್ಕೆ ನಂಬತಕ್ಕ ಆಧಾರ ಕಾಣಲಿಲ್ಲ. ಸುಪ್ತಚಿತ್ತ ನಮ್ಮನ್ನು ನಡೆಸುತ್ತದೆಂಬುದು ಬೇರೆ; ಅದು ನಮಗಿಂತ ವಿವೇಕಿಯೆಂಬುದು ಬೇರೆ. ಮೊದಲನೆಯದಕ್ಕೆ ಸಾಕ್ಷ್ಯವಿದೆ, ಎರಡನೆಯದಕ್ಕೆ ಇಲ್ಲ.

ಇನ್ನೊಂದು ಪ್ರಸಂಗ ಮತ್ತಷ್ಟು ಬೋಧಪ್ರದ. ನ್ಯೂಯಾರ್ಕಿನಲ್ಲಿ ಜಾನ್ ಬಾರ್ಗ್ ಮತ್ತು ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಮುಪ್ಪನ್ನು ಸೂಚಿಸುವ ಶಬ್ದಗಳನ್ನು ವಾಕ್ಯರಚನೆಯ ನೆಪದಲ್ಲಿ ತರುಣರ ಕಣ್ಣಿಗೆ ಬೀಳಿಸಿದರೆ, ಅವರು ಹೊರಗೆ ಹೋಗುವಾಗ ತಮಗರಿಯದೆಯೇ ನಿಧಾನವಾಗಿ ನಡೆಯುತ್ತಿದ್ದರಂತೆ. ಬ್ರಸೆಲ್ಸ್‌ನಲ್ಲಿ ಸ್ಟೆಫಾನ್ ಡೋಯೆನ್ ಮತ್ತು ಇತರರು ೨೦೧೨ರಲ್ಲಿ ಇದನ್ನು ಪುನಃ ಪರೀಕ್ಷಿಸಿದರು. ನಡಿಗೆಯ ಕಾಲವನ್ನು ಯಂತ್ರದ ಕಿರಣಗಳಿಂದ ಅಳೆದಾಗ ಆ ಪರಿಣಾಮ ಮರುಕಳಿಸಲಿಲ್ಲ. ಪ್ರಯೋಗ ನಡೆಸುವವರಲ್ಲಿಯೇ ‘ಇವರು ನಿಧಾನವಾಗಿ ನಡೆಯುತ್ತಾರೆ’ ಎಂಬ ನಿರೀಕ್ಷೆಯನ್ನು ಹುಟ್ಟಿಸಿದಾಗ ಮಾತ್ರ ನಿಧಾನದ ನಡಿಗೆ ಕಾಣಿಸಿಕೊಂಡಿತು. ಇದರ ವ್ಯಂಗ್ಯವನ್ನು ವಾಚಕರು ಗಮನಿಸಬೇಕು. ಇತರರ ಸುಪ್ತೋದ್ದೇಶವನ್ನು ಅಳೆಯಲು ಹೊರಟವರ ಅಳತೆಗೋಲಿನಲ್ಲಿಯೇ ಅವರ ಸ್ವಂತ ನಿರೀಕ್ಷೆ ಅಡಗಿರಬಹುದು. ಅದು ಅವರಿಗೆ ಕಾಣಲಿಲ್ಲ. ಬೇರೆ ಊರಿನ ಬೇರೆಯವರು ಬಂದು ಪ್ರಶ್ನಿಸಿದ ಮೇಲೆಯೇ ಆ ಸಾಧ್ಯತೆ ಬೆಳಕಿಗೆ ಬಂದಿತು.

ಹೀಗೆ ತೂರಿದ ಮೇಲೆ ಉಳಿಯುವ ಕಾಳು ಎರಡು. ಒಂದು, ನಮ್ಮ ನಿರ್ಧಾರಗಳ ಬೇರು ನಮಗೆ ಸಂಪೂರ್ಣವಾಗಿ ಗೋಚರವಾಗದು. ಅಂತರವಲೋಕನದಿಂದ ದೊರೆಯುವ ಕಾರಣ ಎಷ್ಟೋ ವೇಳೆ ಮನಸ್ಸು ಕಟ್ಟಿಕೊಟ್ಟ ಕಥೆ. ಎರಡು, ಆ ಬೇರನ್ನು ಕಾಣಲು ಅನ್ಯರ ಕಣ್ಣು ಬೇಕು. ಈ ಎರಡನ್ನು ಕೈಯಲ್ಲಿ ಹಿಡಿದು ರಾಘವಾಂಕನ ಕಾವ್ಯಕ್ಕೆ ಮರಳೋಣ.

೪

ಗಾನರಾಣಿಯರ ಪ್ರಸಂಗದಲ್ಲಿ ಅರಸನ ಎದುರಿಗೆ ಎರಡು ಬೇಡಿಕೆಗಳು ಬರುತ್ತವೆ. ಹಾಡಿ ಕುಣಿದು ಮೆಚ್ಚಿಸಿದ ಅನಾಮಿಕ ಕನ್ಯೆಯರಿಗೆ ಅರಸನು ಆಭರಣಗಳನ್ನು ನೀಡಹೋಗುತ್ತಾನೆ. ಅವರು ಅದನ್ನೊಲ್ಲದೆ ಅವನ ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ. ಅರಸನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಅವನು ಕೊಡುವ ಕಾರಣಗಳನ್ನು ಗಮನಿಸಿ. ಪರರಿಗೆ ಕೊಡಬಾರದ್ದಾದುದರಿಂದ ಅದು ಸತಿ, ವಂಶದಿಂದ ಬಂದುದರಿಂದ ತಂದೆ, ಪಟ್ಟಕ್ಕೆ ಮೊದಲಾದುದರಿಂದ ದೈವ, ನೆಳಲನ್ನೀಯುವುದರಿಂದ ತಾಯಿ, ವೈರಿಗಳನ್ನು ನಡುಗಿಸುವುದರಿಂದ ಸೈನ್ಯ. ಒಂದು ನಿರಾಕರಣೆಗೆ ಐದು ಕಾರಣಗಳು! ಕಾರಣ ಒಂದೇ ಆಗಿದ್ದು ಅದು ಸಾಕಷ್ಟು ಬಲವುಳ್ಳದ್ದಾಗಿದ್ದರೆ ಉಳಿದ ನಾಲ್ಕು ಬೇಕಾಗುತ್ತಿರಲಿಲ್ಲ. ನಿರ್ಧಾರ ಮೊದಲೇ ಆಗಿಹೋಗಿದೆ. ಕಾರಣಗಳು ಆಮೇಲೆ ಸಾಲುಗಟ್ಟಿ ಬರುತ್ತಿವೆ. ಇದನ್ನು ಕವಿಯ ಅಲಂಕಾರಚಾತುರ್ಯವೆಂದಷ್ಟೇ ಮೆಚ್ಚುವುದು ರೂಢಿ. ಅಲಂಕಾರ ಹೌದು, ಆದರೆ ಅದು ಪಾತ್ರದ ಮನಸ್ಸಿನಿಂದ ಹುಟ್ಟಿದ ಅಲಂಕಾರ.

ಈ ಐದು ಕಾರಣಗಳನ್ನು ಕಥೆಯ ಮುಂದಿನ ಭಾಗದ ಪಕ್ಕದಲ್ಲಿಟ್ಟು ನೋಡಿದರೆ ಎದೆ ನಡುಗುತ್ತದೆ. ಸತ್ತಿಗೆ ಸತಿಯ ಸಮಾನ, ಆದುದರಿಂದ ಪರರಿಗೆ ಕೊಡಲಾಗದು ಎಂದವನು ಕಾಶಿಯ ಬೀದಿಯಲ್ಲಿ ಸತಿಯನ್ನೇ ಮಾರುತ್ತಾನೆ. ವಂಶದ ಗುರುತನ್ನು ಬಿಟ್ಟುಕೊಡಲಾರೆನೆಂದವನು ವಂಶದ ಕುಡಿಯಾದ ಮಗನನ್ನೇ ಮಾರುತ್ತಾನೆ. ಉಪಮಾನವಾಗಿ ನುಡಿದುದೆಲ್ಲ ಒಂದೊಂದಾಗಿ ವಾಸ್ತವವಾಗಿ ಬಂದು ಅವನ ಕೈಯಿಂದ ಜಾರುತ್ತದೆ. ಸತಿಸುತರಿಗಿಂತ ಕೊನೆಯತನಕ ಅವನು ಬಿಗಿಯಾಗಿ ಹಿಡಿದಿದ್ದ ವಸ್ತು ಯಾವುದೆಂದು ನಾವು ಕೇಳಿದರೆ, ಉತ್ತರ ಎರಡನೆಯ ಬೇಡಿಕೆಯಲ್ಲಿದೆ.

ಸತ್ತಿಗೆ ಸಿಗದಿದ್ದರೆ ನೀನೇ ನಮಗೆ ಪತಿಯಾಗು ಎಂದು ಕನ್ಯೆಯರು ಕೇಳುತ್ತಾರೆ. ಅರಸನು ಕೆರಳುತ್ತಾನೆ. ಸೂರ್ಯವಂಶದವನೆಲ್ಲಿ, ಈ ಕುಲದವರೆಲ್ಲಿ! ಆಗ ಅವರು ಮುಂದಿಡುವ ತರ್ಕ ಕನ್ನಡ ಕಾವ್ಯದ ಅತ್ಯಂತ ಧೀರವಾದ ವಾದಗಳಲ್ಲಿ ಒಂದು. ನಮ್ಮ ಗಾನವನ್ನು ನಿನ್ನ ಕಿವಿ ಸವಿಯಿತು, ರೂಪನ್ನು ಕಣ್ಣು ಕಂಡಿತು, ಮೈಯ ಕಂಪನ್ನು ಮೂಗು ಗ್ರಹಿಸಿತು, ನಮ್ಮೊಡನೆ ನಿನ್ನ ನಾಲಗೆ ನುಡಿಯಿತು. ಇವೆಲ್ಲಕ್ಕೆ ಇಲ್ಲದ ಹೊಲೆ ಸ್ಪರ್ಶವೊಂದಕ್ಕೆ ಮಾತ್ರ ಎಲ್ಲಿಂದ ಬಂದಿತು? ಐದು ಇಂದ್ರಿಯಗಳಲ್ಲಿ ನಾಲ್ಕು ಕೀಳು, ಒಂದು ಮೇಲೇ? ಈ ಪ್ರಶ್ನೆಗೆ ಸಮರ್ಪಕವಾದ ಸಮಾಧಾನ ಅರಸನಲ್ಲಿಲ್ಲ. ಮಾತು ಮುಗಿಯುವುದು ಚಾವಟಿಯಲ್ಲಿ. ಅವರನ್ನು ಹೊಡೆದು ಅಟ್ಟುತ್ತಾನೆ.

ಸತ್ತಿಗೆಯ ವಿಷಯದಲ್ಲಿ ಐದು ಕಾರಣಗಳನ್ನು ಹೇಳಬಲ್ಲವನಾಗಿದ್ದ ಅರಸನು ಇಲ್ಲಿ ಏಕೆ ತರ್ಕವನ್ನು ಕೈಬಿಟ್ಟನು? ನನ್ನ ಅಭಿಪ್ರಾಯದಲ್ಲಿ ಇದು ಕಾವ್ಯದ ಮರ್ಮಸ್ಥಾನ. ಕಾರಣದ ಉಡುಗೆ ಕಳಚಿದಾಗ ಮನುಷ್ಯನು ಕೆರಳುತ್ತಾನೆ. ಸತ್ಯವ್ರತನೆಂಬುದು ಹರಿಶ್ಚಂದ್ರನ ಜಾಗೃತ ಸಂಕಲ್ಪ. ವಸಿಷ್ಠನು ದೇವಸಭೆಯಲ್ಲಿ ಎತ್ತಿ ಹೇಳಿದ್ದು ಅದನ್ನೇ. ಕುಲವನ್ನು ಕಾಯಬೇಕೆಂಬುದು ಅವನ ಸುಪ್ತ ಸಂಕಲ್ಪ. ಅದನ್ನು ಅವನಿಗೇ ಯಾರೂ ತೋರಿಸಿರಲಿಲ್ಲ. ಎರಡೂ ಒಂದೇ ದಾರಿಯಲ್ಲಿ ನಡೆಯುವವರೆಗೆ ಅವು ಎರಡೆಂಬುದು ತಿಳಿಯುವಂತಿರಲಿಲ್ಲ. ಕನ್ಯೆಯರ ಪ್ರಶ್ನೆ ಅವೆರಡನ್ನು ಬೇರ್ಪಡಿಸಿತು. ಆಗ ಅವನು ಆರಿಸಿದ್ದು ಸುಪ್ತವಾದುದನ್ನು. ಸತ್ಯದ ಪರೀಕ್ಷೆಯ ನಿಬಂಧನೆಯಲ್ಲಿ ಕುಲದ ಮಾತೇ ಇರಲಿಲ್ಲ. ಆ ಕನ್ಯೆಯರನ್ನು ವರಿಸಿದ್ದರೆ ಅವನ ಸತ್ಯಕ್ಕೆ ಎಳ್ಳಷ್ಟೂ ಭಂಗ ಬರುತ್ತಿರಲಿಲ್ಲ. ಮೊದಲ ಹೆಜ್ಜೆ ಕುಲದ್ದು, ಎರಡನೆಯ ಹೆಜ್ಜೆ ಸತ್ಯದ್ದು. ನಾವು ಎರಡನೆಯದರ ಬೆಳಕಿನಲ್ಲಿ ಮೊದಲನೆಯದನ್ನೂ ಸತ್ಯವೆಂದೇ ಓದುತ್ತ ಬಂದಿದ್ದೇವೆ. ಅರಸನು ತನ್ನ ನಿರ್ಧಾರಕ್ಕೆ ತೊಡಿಸಿದ ಉಡುಗೆಯನ್ನು ವಿಮರ್ಶಕರಾದ ನಾವೂ ಬಿಚ್ಚಿ ನೋಡಲಿಲ್ಲ.

೫

ಇದಕ್ಕೆ ಆಕ್ಷೇಪಗಳು ಬರಬಹುದು, ಬರಬೇಕಾದವೇ. ಆ ಕನ್ಯೆಯರು ವಿಶ್ವಾಮಿತ್ರನ ಮಾಯಾಸೃಷ್ಟಿ, ಬೀಸಿದ ಬಲೆಯೊಳಗೆ ಬೀಳದಿರುವುದು ವಿವೇಕವಲ್ಲವೇ ಎಂಬುದು ಮೊದಲನೆಯದು. ಅವರು ಮಾಯೆಯೆಂಬುದು ವಾಚಕನಿಗೆ ಗೊತ್ತು, ಅರಸನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಗತಿ ಅವನ ನಿರ್ಧಾರಕ್ಕೆ ಕಾರಣವಾಗಲಾರದು. ಅಲ್ಲದೆ, ಮನಸ್ಸಿನಲ್ಲಿ ಹಿಡಿ ಇಲ್ಲದಿದ್ದರೆ ಮಾಯೆಗೆ ಹಿಡಿಯಲು ಏನಿದೆ? ಮುನಿ ಪೊನ್ನನ್ನು ಬೇಡಿ ನೋಡಿದನು, ದೇಶದ ಮೇಲೆ ಮೃಗಪಕ್ಷಿಗಳನ್ನು ಬಿಟ್ಟು ನೋಡಿದನು. ಅವುಗಳಿಂದ ಅರಸನು ಸಿಕ್ಕಲಿಲ್ಲ. ಸಿಕ್ಕಿದ್ದು ಇಲ್ಲಿ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ವರ್ಣಾಶ್ರಮಧರ್ಮದ ಅರಸನನ್ನು ಇಂದಿನ ಸಮತಾಭಾವನೆಯಿಂದ ಅಳೆಯುವುದು ಕಾಲವಿರೋಧವಲ್ಲವೇ? ವಿಮರ್ಶಕನು ಈ ದೋಷಕ್ಕೆ ಹೆದರಬೇಕಾದುದು ನ್ಯಾಯವೇ. ಆದರೆ ಅಳತೆಗೋಲು ನಾವು ಹೊರಗಿನಿಂದ ತಂದದ್ದಲ್ಲ, ಕಾವ್ಯದೊಳಗೆಯೇ ಇದೆ. ಐದು ಇಂದ್ರಿಯಗಳ ವಾದವನ್ನು ಆ ಕನ್ಯೆಯರ ಬಾಯಲ್ಲಿ ಇರಿಸಿದವನು ರಾಘವಾಂಕನೇ. ಆ ವಾದವನ್ನು ಚಾವಟಿಯಲ್ಲಿ ಕೊನೆಗಾಣಿಸಿದವನೂ ಅವನೇ. ಅನಾಮಿಕ ಕನ್ಯೆಯರ ಕೈಹಿಡಿಯಲೊಲ್ಲದವನನ್ನು ಅನಾಮಿಕ ವೀರಬಾಹುಕನಿಗೆ ಆಳಾಗಿ ಮಾರಿ ಸುಡುಗಾಡನ್ನು ಕಾಯಿಸಿದವನೂ ಅವನೇ. ಸಾಲದ ಹಣಕ್ಕೆ ಕೊಳ್ಳುವವನು ಯಾರಾದರೂ ಸಾಕಾಗಿತ್ತು. ಕವಿ ಕಥೆಯಲ್ಲಿ ಉಳಿಸಿಕೊಂಡದ್ದು ಅವನನ್ನು. ಇದು ಪರಂಪರೆಯಿಂದ ಬಂದ ಕಥಾಂಶವಿರಬಹುದು. ಆದರೆ ಗಾನರಾಣಿಯರ ಪ್ರಶ್ನೆಯ ಎದುರಿಗೆ ಅದನ್ನು ನಿಲ್ಲಿಸಿದಾಗ ಅದಕ್ಕೆ ಹೊಸ ಅರ್ಥ ಬರುತ್ತದೆ. ಇನ್ನೂ ಒಂದು ಮಾತು. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕಾಗಿ ಶರಣರು ಕಲ್ಯಾಣದಲ್ಲಿ ತೆತ್ತ ಬೆಲೆಯನ್ನು ಪರಂಪರೆ ಮರೆತಿರದಿದ್ದ ಕಾಲದಲ್ಲಿ, ಅದೇ ಧರ್ಮದ ಕವಿ, ಕುಲದ ಕಾರಣದಿಂದ ಮುರಿದುಬಿದ್ದ ಮದುವೆಯ ಮಾತೊಂದನ್ನು ಬರೆಯುತ್ತಿದ್ದಾನೆ. ಕವಿಯ ಉದ್ದೇಶ ಇದೇ ಎಂದು ನಾನು ಸಾಧಿಸಹೊರಡುವುದಿಲ್ಲ. ಉದ್ದೇಶಗಳು ಕವಿಗೂ ಸುಪ್ತವಾಗಿರಬಹುದೆಂಬುದೇ ಈ ಲೇಖನದ ವಿಷಯ. ಆ ಕಾಲದ ಶರಣ ಶ್ರೋತೃವಿಗೆ ಇದು ಕೇವಲ ಪೌರಾಣಿಕ ಪ್ರಸಂಗವಾಗಿ ಕೇಳಿಸಿರಲಾರದೆಂದಷ್ಟೇ ಹೇಳುತ್ತೇನೆ.

ಇದರಿಂದ ಹರಿಶ್ಚಂದ್ರನ ಹಿರಿಮೆ ಕುಂದುವುದಿಲ್ಲ, ಬೆಳೆಯುತ್ತದೆ. ಮೊದಲ ಹೆಜ್ಜೆ ತಪ್ಪಿದರೂ ಎರಡನೆಯ ಹೆಜ್ಜೆಯನ್ನು ಅವನು ಹಿಂತೆಗೆಯಲಿಲ್ಲ. ನುಡಿದ ಮಾತು ಎಲ್ಲಿಗೆ ಒಯ್ಯುವುದೋ ಅಲ್ಲಿಗೆ ಹೋದನು. ಅದು ಒಯ್ದದ್ದು ಕುಲವೆಂಬುದಕ್ಕೆ ಅರ್ಥವೇ ಉಳಿಯದ ಸ್ಮಶಾನಕ್ಕೆ. ಅಂತರವಲೋಕನ ತೋರಿಸಲಾರದೆ ಹೋದದ್ದನ್ನು, ಪ್ರಶ್ನೆ ಕೇಳಿ ಬಂದವರಿಂದ ಅವನು ಕಲಿಯಲೊಲ್ಲದೆ ಹೋದದ್ದನ್ನು ಸತ್ಯವು ಸುಟ್ಟು ತೋರಿಸಿತು. ಸತ್ಯ ಶಿವನೆಂಬುದಕ್ಕೆ ಇದಕ್ಕಿಂತ ಕಠಿಣವಾದ ವ್ಯಾಖ್ಯಾನ ಇನ್ನೊಂದಿಲ್ಲ.

೬

ಇಷ್ಟು ಸುಡಿಸಿಕೊಳ್ಳದೆ ಸುಪ್ತೋದ್ದೇಶವನ್ನು ಕಾಣುವ ಬಗೆ ಇಲ್ಲವೇ? ಶರಣಸಾಹಿತ್ಯದ ಪರಂಪರೆಯಲ್ಲಿ ಇದಕ್ಕೊಂದು ಉತ್ತರವಿದೆ. ಆಯ್ದಕ್ಕಿ ಮಾರಯ್ಯನ ಕಾಯಕ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದನ್ನು ತರುವಾಗ ತಾನು ಆಸೆಪಟ್ಟೆನೆಂದು ಅವನಿಗೆ ತೋರಿರಲಾರದು. ದಾಸೋಹಕ್ಕೆ ಒದಗುತ್ತದೆಂದು ತೋರಿರಬೇಕು. ಉಡುಗೆ ಬಹಳ ಒಪ್ಪವಾದುದೇ. ಸತಿ ಲಕ್ಕಮ್ಮ ಆ ಅಕ್ಕಿಯನ್ನು ನೋಡಿದಳು, ಇದು ಕಾಯಕದ ಅಳತೆಯದೋ ಆಸೆಯ ಅಳತೆಯದೋ ಎಂದು ವಿಚಾರಿಸಿದಳು, ಹೆಚ್ಚಿನದನ್ನು ಮರಳಿಸಿ ಬರುವಂತೆ ತಿಳಿಸಿದಳು. ಮಾರಯ್ಯ ಕೆರಳಲಿಲ್ಲ. ಸತಿಯ ಮಾತನ್ನು ಕೇಳಿ ಅಕ್ಕಿಯನ್ನು ಹಿಂದಕ್ಕೆ ಒಯ್ದು ಸುರಿದನು.

ಈ ಕಥೆಯನ್ನು ನಾವು ಅಪರಿಗ್ರಹದ ನಿದರ್ಶನವಾಗಿ ಹೇಳುತ್ತೇವೆ. ನಿರ್ಧಾರದ ಶುದ್ಧಿಯ ನಿದರ್ಶನವಾಗಿಯೂ ಹೇಳಬೇಕು. ಇಲ್ಲಿಯೂ ಒಂದು ಜಾಗೃತ ಸಂಕಲ್ಪ, ಅದರ ನೆಳಲಿನಲ್ಲಿ ಒಂದು ಸುಪ್ತ ಸಂಕಲ್ಪ. ಅದನ್ನು ಕಂಡದ್ದು ಮಾಡಿದವನ ಕಣ್ಣಲ್ಲ, ಹತ್ತಿರದವರ ಕಣ್ಣು. ಶರಣರು ಅರಿವು ಮರವುಗಳನ್ನು ಕುರಿತು ಇಷ್ಟು ಕಾತರದಿಂದ ವಿಚಾರಿಸಿದ್ದೂ, ಅರಿವನ್ನು ಒಬ್ಬೊಬ್ಬರ ಗುಹೆಗೆ ಬಿಡದೆ ಸಂಗದ, ಗೋಷ್ಠಿಯ, ಜಂಗಮದ ಎದುರಿನಲ್ಲಿ ನಿಲ್ಲಿಸಿದ್ದೂ ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಷಟ್‌ಸ್ಥಲದಲ್ಲಿ ಪ್ರಸಾದಿಯಾದವನು ಐದು ಇಂದ್ರಿಯಗಳ ಅನುಭವವನ್ನೂ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಬೇಕಾದವನು. ನಾಲ್ಕನ್ನು ಸವಿದು ಒಂದನ್ನು ಕುಲಕ್ಕಾಗಿ ಮೀಸಲಿಡುವ ಅವಕಾಶ ಅಲ್ಲಿಲ್ಲ. ಗಾನರಾಣಿಯರು ಅರಸನನ್ನು ಕೇಳಿದ ಪ್ರಶ್ನೆ ಪ್ರಸಾದಿಯನ್ನು ಕೇಳಬೇಕಾದ ಪ್ರಶ್ನೆಯೇ ಆಗಿದೆ.

ಇದು ಹಳೆಯ ಕಾವ್ಯದ ಚರ್ಚೆಯಲ್ಲಿ ಮುಗಿದುಹೋಗುವ ವಿಷಯವಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಭಾರತದ ಖಾಸಗಿ ಸಂಸ್ಥೆಗಳು ಪತ್ರಿಕೆಗಳಲ್ಲಿ ಕೊಟ್ಟ ಉದ್ಯೋಗದ ಪ್ರಕಟಣೆಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವದ ಪ್ರಮಾಣ ಸುಮಾರು ಮೂರನೆಯ ಎರಡರಷ್ಟೇ ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಅವರು ದೆಹಲಿಯಲ್ಲಿ ದೊಡ್ಡ ಸಂಸ್ಥೆಗಳ ಅಧಿಕಾರಿಗಳನ್ನು ಮಾತನಾಡಿಸಿ ಬರೆದರು. ತಾವು ನೋಡುವುದು ಯೋಗ್ಯತೆಯನ್ನು ಮಾತ್ರವೆಂದು ಅವರು ಹೇಳುತ್ತಿದ್ದರು. ಜೊತೆಗೆ ಅಭ್ಯರ್ಥಿಯ ಮನೆತನವನ್ನು ವಿಚಾರಿಸುವುದು ಮುಖ್ಯವೆಂದೂ ಹೇಳುತ್ತಿದ್ದರು. ಈ ನಿರ್ಧಾರಗಳಲ್ಲಿ ಸುಪ್ತವಾದುದು ಎಷ್ಟು, ಬೇಕೆಂದೇ ಮಾಡಿದುದು ಎಷ್ಟು ಎಂಬುದನ್ನು ಅಂಕಿ ಅಂಶಗಳು ಬಿಡಿಸಿ ಹೇಳಲಾರವು. ಆದರೆ ‘ಮನೆತನ’ ಎಂಬ ಶಬ್ದ ನಮಗೆ ಅಪರಿಚಿತವೇ? ಬಸವಣ್ಣನವರ ಹೆಸರು ಹೇಳುವ ನಮ್ಮ ಸಮಾಜದಲ್ಲಿಯೇ ಹೆಣ್ಣುಗಂಡಿನ ಸಂಬಂಧ ಕೂಡಿಸುವಾಗ ಒಳಪಂಗಡದ ವಿಚಾರ ಎಷ್ಟು ಉಡುಗೆಗಳನ್ನು ತೊಟ್ಟು ಬರುತ್ತದೆ! ಹುಡುಗ ಒಳ್ಳೆಯವನು, ಆದರೆ ಊರು ದೂರವಾಯಿತು, ಹುಡುಗಿ ಗುಣವಂತೆ, ಆದರೆ ಮನೆತನ ಹೊಂದಲಿಲ್ಲ, ಜಾತಕ ಕೂಡಲಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಾಲುಚೀಲದ ನೇಯ್ಗೆಯನ್ನು ಹೊಗಳಿದವರೂ ಸುಳ್ಳು ಹೇಳಿರಲಿಲ್ಲ.

ಆದುದರಿಂದ ‘ನನ್ನ ಮನಸ್ಸಿನಲ್ಲಿ ಅಂತಹದೇನೂ ಇಲ್ಲ’ ಎಂಬ ಪ್ರಾಮಾಣಿಕವಾದ ಮಾತು ಕೂಡ ನಿರ್ಧಾರದ ಶುದ್ಧಿಗೆ ಸಾಕ್ಷಿಯಾಗಲಾರದು. ಮನಸ್ಸಿನಲ್ಲಿ ಇದ್ದದ್ದು ಮನಸ್ಸಿಗೆ ಕಾಣದಿರಬಹುದು. ಹಾಗೆಂದು ಹೊಣೆಯಿಂದ ಪಾರಾದೆವೆಂದೂ ತಿಳಿಯಬಾರದು. ಕಾಣದ ಉದ್ದೇಶಕ್ಕೆ ಮನುಷ್ಯನು ಹೊಣೆಯಲ್ಲದಿದ್ದರೂ, ಅದನ್ನು ತೋರಿಸಲು ಬಂದವರಿಗೆ ಕಿವಿಗೊಟ್ಟನೋ ಚಾವಟಿ ಎತ್ತಿದನೋ ಎಂಬುದಕ್ಕೆ ಹೊಣೆಯೇ. ಹರಿಶ್ಚಂದ್ರನ ಮೇಲೆ ಹೊರಿಸಬಹುದಾದ ದೋಷ ಇದೊಂದೇ. ಮಾರಯ್ಯನ ಹಿರಿಮೆಯೂ ಇದೊಂದರಲ್ಲಿಯೇ ಇದೆ.

ಕಾವ್ಯವನ್ನು ಮತ್ತೊಮ್ಮೆ ಓದುವವರು ಶಿವನು ಪ್ರತ್ಯಕ್ಷನಾಗುವ ಕೊನೆಯ ಭಾಗಕ್ಕೆ ಸಲ್ಲಿಸುವ ಗೌರವವನ್ನು ಗಾನರಾಣಿಯರ ಪ್ರಸಂಗಕ್ಕೂ ಸಲ್ಲಿಸಬೇಕೆಂದು ನನ್ನ ವಿಜ್ಞಾಪನೆ. ಅರಸನಿಗೆ ಅವನ ಮನಸ್ಸನ್ನು ತೋರಿಸಲು ಮೊದಲು ಬಂದವರು ಅವರೇ. ಅವರಿಗೆ ಅವನು ಉತ್ತರ ಕೊಟ್ಟಿದ್ದರೆ ಕಾಶಿಯ ದಾರಿ ಬೇಕಾಗುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲಿಗೆ ಅಂತಹ ಪ್ರಶ್ನೆ ಬಂದಾಗ ನಾವು ಏನು ಮಾಡುತ್ತೇವೆಂಬುದನ್ನು ನಾವೇ ವಿಚಾರಿಸಿಕೊಳ್ಳುವುದರ ಜೊತೆಗೆ, ನಮ್ಮನ್ನು ಬಲ್ಲವರನ್ನೂ ಕೇಳಿ ನೋಡುವುದು ಉತ್ತಮ.